ಪೆಟ್ಟಿಗೆಗೆ ಬೀಗ, ನಮಗೆ ಧೂಳು

ಬಂದರು ಬೆಳೆಯಬೇಕು ಅಂತಾರೆ. ಬೆಳೆಯಲಿ. ರಸ್ತೆ ಅಗಲವಾಗಬೇಕು ಅಂತಾರೆ. ಆಗಲಿ. ಆದರೆ ಯಾರ ಅಂಗಳ ಅಗೆದು, ಯಾರ ಕೂಲಿ ಕಿತ್ತು, ಯಾರ ಪಾಲು ನುಂಗಿ ಅಂತ ಕೇಳಿದ ಗಳಿಗೆಯಲ್ಲೇ ನಾವು ಅಭಿವೃದ್ಧಿಯ ವೈರಿಗಳಾಗಿಬಿಡುತ್ತೇವೆ. ತಲೆತಲಾಂತರ ನಮ್ಮನ್ನು ಊರ ಹೊರಗಿಟ್ಟವರೇ ಈಗ, ದೇಶದ ಪ್ರಗತಿಗೆ ಇವರು ಅಡ್ಡ ನಿಂತಿದ್ದಾರೆ ಅಂತ ನಮ್ಮನ್ನು ಬಯ್ಯುತ್ತಾರೆ. ನಗಬೇಕೋ ಅಳಬೇಕೋ ತಿಳಿಯದು.

2022ರ ಸೆಪ್ಟೆಂಬರ್ 2ರಂದು ಪ್ರಧಾನಿಗಳು ಮಂಗಳೂರಿಗೆ ಬಂದರು. ಸುಮಾರು 3,800 ಕೋಟಿ ರೂಪಾಯಿಯ ಕಾಮಗಾರಿಗಳಿಗೆ ಉದ್ಘಾಟನೆ, ಶಂಕುಸ್ಥಾಪನೆ ಆಯಿತು. ಅದರಲ್ಲೊಂದು ಪಣಂಬೂರಿನ ನವಮಂಗಳೂರು ಬಂದರಿನ 14ನೇ ಬರ್ತ್. ಕಂಟೇನರು ಮತ್ತಿತರ ಸರಕು ಎತ್ತಿ ಇಳಿಸಲು 280 ಕೋಟಿಗೂ ಮಿಕ್ಕಿದ ಖರ್ಚಿನಲ್ಲಿ ಅದನ್ನು ಯಂತ್ರೀಕರಣ ಮಾಡಿದರು. ಮೊದಲ ಹಂತದಲ್ಲಿ ವರ್ಷಕ್ಕೆ 42 ಲಕ್ಷ ಟನ್ ತಾಕತ್ತು, 2025ರ ಹೊತ್ತಿಗೆ 60 ಲಕ್ಷ ಟನ್ ಮಾಡುವ ಗುರಿ ಅಂತ ಸರ್ಕಾರ ಪ್ರಕಟಿಸಿತು. ಪತ್ರಿಕೆಗಳು ಪುಟಗಟ್ಟಲೆ ಬರೆದವು. ಎಷ್ಟು ಟನ್ ಅಂತ ಬರೆದವು, ಎಷ್ಟು ಕೋಟಿ ಅಂತ ಬರೆದವು. ಎಷ್ಟು ಜನರಿಗೆ ಕೆಲಸ, ಆ ಜನ ಯಾವ ಕೇರಿಯವರು ಅನ್ನುವುದನ್ನು ಮಾತ್ರ ಯಾರೂ ಕೇಳಲಿಲ್ಲ.

ನಾವು ಕೇಳುತ್ತೇವೆ. ನಾವು ಅಂದರೆ ಯಾರು? ಘಟ್ಟದ ಮೇಲಿನ ಕಾಫಿ ತೋಟದ ಲೈನುಮನೆಗಳಲ್ಲಿ ಹುಟ್ಟಿ, ಸರ್ಕಾರಿ ಹಾಸ್ಟೆಲಿನ ಅನ್ನ ಉಂಡು, ಇದೇ ಮಂಗಳೂರಿನ ಕಾಲೇಜುಗಳಲ್ಲಿ ಓದಿದವರು. ಬೈಕಂಪಾಡಿ, ಜೋಕಟ್ಟೆ, ಕಾಟಿಪಳ್ಳಗಳ ಕೊನೆಯ ಮನೆಗಳಿಂದ ಬಂದವರು. ನಮ್ಮ ಅವ್ವಂದಿರು ಹೆಬ್ಬೆಟ್ಟು ಒತ್ತುವವರು. ಮನೆಯಲ್ಲಿ ಮೊದಲ ಡಿಗ್ರಿ ನಮ್ಮದೇ. ಬಂದರಿನ ಎರಡು ತುದಿಯೂ ನಮಗೆ ಗೊತ್ತು. ಕಾಫಿ ಕುಯ್ಯುವ ಕೈ ನಮ್ಮದು, ಆ ಕಾಫಿ ಹೊತ್ತ ಲಾರಿ ಎಬ್ಬಿಸುವ ಧೂಳು ಕುಡಿಯುವ ಬಾಯಿಯೂ ನಮ್ಮದು.

*

ಮೊದಲು ಈ ಪೆಟ್ಟಿಗೆ ಏನು ಅಂತ ತಿಳಿಯೋಣ. ತಿಳಿಯದೆ ಬಯ್ಯುವುದು ನಮ್ಮ ಕೆಲಸವಲ್ಲ.

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂಅರ್ಕಿನಿಂದ ಹೂಸ್ಟನ್ನಿಗೆ ಒಂದು ಹಡಗು ಹೊರಟಿತು. ಅದರ ಮೇಲೆ 58 ಅಲ್ಯೂಮಿನಿಯಂ ಪೆಟ್ಟಿಗೆಗಳಿದ್ದವು. ಇದನ್ನು ಮಾಡಿಸಿದವನು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ. ಅಲ್ಲಿವರೆಗೆ ಸರಕನ್ನು ಮೂಟೆಮೂಟೆಯಾಗಿ ಜನ ಹೊತ್ತು ಹಡಗಿಗೆ ತುಂಬುತ್ತಿದ್ದರು. ಒಂದು ಟನ್ ತುಂಬಲು ಸುಮಾರು 6 ಡಾಲರ್ ಖರ್ಚಾಗುತ್ತಿತ್ತು. ಪೆಟ್ಟಿಗೆಯಲ್ಲಿ ಅದು 16 ಸೆಂಟಿಗೆ ಇಳಿಯಿತು. ಅಂದರೆ ಸುಮಾರು ಮೂವತ್ತೇಳು ಪಾಲಿನಲ್ಲಿ ಒಂದು ಪಾಲು. ಉಳಿದ ಮೂವತ್ತಾರು ಪಾಲು ಎಲ್ಲಿ ಹೋಯಿತು? ಅದು ಹಡಗುಕಟ್ಟೆಯ ಕೂಲಿಗಳ ಮನೆಗೆ ಹೋಗುತ್ತಿದ್ದ ದುಡ್ಡು. ಭಾರತಕ್ಕೆ ಮೊದಲ ಕಂಟೇನರು ಇಳಿದದ್ದು 1973ರಲ್ಲಿ, ಕೊಚ್ಚಿಯಲ್ಲಿ.

20 ಅಡಿಯ ಒಂದು ಪೆಟ್ಟಿಗೆಯಲ್ಲಿ 60 ಕಿಲೋ ತೂಕದ ಸುಮಾರು 320 ಮೂಟೆ ಕಾಫಿ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ ಸ್ವಾಮಿ. ಮುನ್ನೂರ ಇಪ್ಪತ್ತು ಸಲ ಬೆನ್ನು ಬಾಗಬೇಕಿದ್ದ ಕೆಲಸವನ್ನು ಕ್ರೇನು ಒಂದೇ ಎತ್ತಿಗೆ ಮುಗಿಸುತ್ತದೆ. ಕ್ರೇನಿನ ಮೇಲೆ ಕೂತವನು ಒಬ್ಬ. ಲಾರಿಯಲ್ಲಿ ಕೂತವನು ಒಬ್ಬ. ಕಂಪ್ಯೂಟರಿನ ಮುಂದೆ ನಂಬರು ಬರೆದುಕೊಳ್ಳುವವನು ಒಬ್ಬ. ಮುಗೀತು.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮೂಟೆ ಹೋಯಿತಲ್ಲಾ ಅಂತ ನಾವು ಅಳುವವರಲ್ಲ. ಮೂಟೆಯನ್ನು ಹಾಡಿ ಹೊಗಳುವವರು ಅದನ್ನು ಎಂದೂ ಹೊತ್ತವರಲ್ಲ. ಅರವತ್ತು ಕಿಲೋ ಹೊತ್ತು ಹೊತ್ತು ನಮ್ಮ ಅಪ್ಪಂದಿರ ಕುತ್ತಿಗೆಯ ಮೂಳೆ ಸವೆಯಿತು, ನಲವತ್ತಕ್ಕೇ ಮುದುಕರಾದರು. ಆ ಕೆಲಸ ಯಂತ್ರಕ್ಕೆ ಹೋದದ್ದು ಒಳ್ಳೆಯದೇ. ಜಾತಿ ಅನ್ನುವುದು ಬರೀ ಕೆಲಸಗಳನ್ನು ಹಂಚಿಟ್ಟದ್ದಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಸೀಳಿಟ್ಟದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿಟ್ಟರು. ಆ ಮಾತನ್ನು ಬಂದರಿಗೆ ತಂದು ಕೇಳಿ: ಹೊರುವ ಕೆಲಸ ಇದ್ದಾಗ ಅದು ನಮಗೆ ಅಂತ ಹುಟ್ಟಿನಿಂದಲೇ ಮೀಸಲಾಗಿತ್ತು. ಅದಕ್ಕೆ ಯಾರೂ ಅರ್ಹತೆ ಕೇಳಲಿಲ್ಲ. ಈಗ ಕೂತು ಮಾಡುವ ಕೆಲಸ ಬಂದಿದೆ. ಈಗ ಮಾತ್ರ ಅರ್ಹತೆ, ಅನುಭವ, ಶಿಫಾರಸು ಎಲ್ಲವೂ ಬೇಕು. ಮೂಟೆಯ ಮೀಸಲಾತಿಗೆ ಯಾರ ಆಕ್ಷೇಪವೂ ಇರಲಿಲ್ಲ. ಕುರ್ಚಿಯ ಮೀಸಲಾತಿ ಅಂದ ಕೂಡಲೇ ಎಲ್ಲರಿಗೂ ಹೊಟ್ಟೆನೋವು.

*

ಪಣಂಬೂರಿನ ಬಂದರು ಹುಟ್ಟಿದ್ದನ್ನು ನೆನಪು ಮಾಡಿಕೊಳ್ಳಬೇಕು. ಅದು ದೇಶದ ಒಂಬತ್ತನೇ ದೊಡ್ಡ ಬಂದರು ಅಂತ 1974ರ ಮೇ 4ರಂದು ಘೋಷಣೆಯಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಅದಕ್ಕೂ ಮೊದಲೇ ಪಣಂಬೂರು, ಬೈಕಂಪಾಡಿ ಸುತ್ತಿನ ಜನರನ್ನು ಎಬ್ಬಿಸಿ ಕಾಟಿಪಳ್ಳದ ಗುಡ್ಡಕ್ಕೆ ಸಾಗಿಸಿದ್ದರು. ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಇವತ್ತಿಗೂ ಜಾಗಕ್ಕೆ ಬ್ಲಾಕಿನ ನಂಬರು ಉಂಟು. ಗದ್ದೆಗೆ, ಬೈಲಿಗೆ, ಕಟ್ಟೆಗೆ ಒಂದೊಂದು ಹೆಸರಿಟ್ಟು ಬದುಕಿದ್ದ ಜನ ನಾಲ್ಕನೇ ಬ್ಲಾಕು, ಏಳನೇ ಬ್ಲಾಕು ಆದರು.

ಇನ್ನೊಂದು ಸಂಗತಿ ಅದೇ ವರ್ಷದ್ದು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂದರು. ದಕ್ಷಿಣ ಕನ್ನಡದಲ್ಲಿ ಗೇಣಿದಾರರು ಸಾಲುಗಟ್ಟಿ ಡಿಕ್ಲರೇಷನ್ ಕೊಟ್ಟರು, ಬಹಳ ಜನ ಹೊಲದ ಒಡೆಯರಾದರು. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಕಾಯಿದೆ ಕೇಳಿದ್ದು ಗೇಣಿಚೀಟಿ. ಗೇಣಿದಾರನ ಗದ್ದೆಯಲ್ಲಿ ಕೋಣದ ಹಿಂದೆ ನಿಜವಾಗಿ ಉತ್ತವನು ಮೂಲದ ಆಳು. ಅವನ ಹತ್ತಿರ ಚೀಟಿ ಎಲ್ಲಿಂದ ಬರಬೇಕು? ಮುಂಡಾಲನಿಗೆ, ಮೇರನಿಗೆ, ಬುಟ್ಟಿ ಹೆಣೆಯುವ ಕೊರಗನಿಗೆ ಸಿಕ್ಕಿದ್ದು ಹೆಚ್ಚೆಂದರೆ ಗುಡಿಸಲಿನ ಅಡಿಯಷ್ಟು ಜಾಗ. ಆ ಕೊರಗರ ಮೇಲೆ ನಡೆಯುತ್ತಿದ್ದ ಅಜಲು ಎಂಬ ಹೇಸಿಗೆ ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯಕ್ಕೆ 2000ದ ಇಸವಿಯವರೆಗೆ ಕಾಯಬೇಕಾಯಿತು ಅಂದರೆ, ಭೂಮಿಯ ಮಾತು ಹೇಗಿದ್ದೀತು ಊಹಿಸಿ.

ಬಂದರಿಗೆ, ಕಾರ್ಖಾನೆಗೆ, ರಸ್ತೆಗೆ ಜಮೀನು ಹಿಡಿಯುವಾಗಲೂ ಕೇಳುವುದು ಇದೇ ಚೀಟಿ. ಆರ್‌ಟಿಸಿ ಇದ್ದವನಿಗೆ ಪರಿಹಾರ. 1894ರ ಬ್ರಿಟಿಷರ ಕಾಯಿದೆ ಜಮೀನಿನ ಒಡೆಯನನ್ನು ಕಂಡಿತು, ಜಮೀನಿನ ಮೇಲೆ ಬದುಕಿದವನನ್ನು ಕಾಣಲಿಲ್ಲ. 2013ರ ಹೊಸ ಕಾಯಿದೆ ಬಂದ ಮೇಲೆ ಕೂಲಿಯವರು, ಗೇಣಿಯವರು, ಆ ನೆಲವನ್ನೇ ನಂಬಿ ಬದುಕಿದವರು ಕೂಡ ಸಂತ್ರಸ್ತರು ಅಂತ ಬರೆದರು. ಅಬ್ಬಾ ಅಂದುಕೊಂಡೆವು. ಆರು ವರ್ಷ ಕಳೆಯುವುದರೊಳಗೆ, 2019ರಲ್ಲಿ, ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು. ಮೂಲಸೌಕರ್ಯದ ಯೋಜನೆಗಳನ್ನು ಸಾಮಾಜಿಕ ಪರಿಣಾಮದ ಅಧ್ಯಯನದಿಂದ ಹೊರಗಿಡುವ ಅಧಿಕಾರವನ್ನು ಸರ್ಕಾರ ತನ್ನ ಕೈಗೇ ತೆಗೆದುಕೊಂಡಿತು. ಅಧ್ಯಯನವೇ ಇಲ್ಲ ಅಂದ ಮೇಲೆ ಚೀಟಿಯಿಲ್ಲದವನನ್ನು ಲೆಕ್ಕ ಹಾಕುವವರು ಯಾರು? ಎಣಿಸದೆ ಇದ್ದವನನ್ನು ಎಬ್ಬಿಸುವುದು ಬಹಳ ಸುಲಭ. ಅವನು ಇರಲೇ ಇಲ್ಲವಲ್ಲ.

*

ಇನ್ನು ಕೆಲಸದ ಮಾತು.

1980ರ ಏಪ್ರಿಲ್ 1ರಂದು ನವಮಂಗಳೂರು ಬಂದರು ಮಂಡಳಿ ಬಂತು. ಸರ್ಕಾರಿ ಮಂಡಳಿ. ಹಾಗಾಗಿ ಅಲ್ಲಿನ ನೇಮಕಾತಿಗೆ ಮೀಸಲಾತಿ ಬಂತು. ಬಂದರಿನ ಗೇಟಿನ ಒಳಗೆ ಗುಮಾಸ್ತನಾಗಿ, ಫಿಟ್ಟರ್ ಆಗಿ, ಕ್ರೇನ್ ಆಪರೇಟರ್ ಆಗಿ ಸಂಬಳದ ಚೀಟಿ ಹಿಡಿಯುವ ದಾರಿಯೊಂದು ಪರಿಶಿಷ್ಟರಿಗೂ ತೆರೆಯಿತು. ಒಬ್ಬನಿಗೆ ಅಂಥ ಕೆಲಸ ಸಿಕ್ಕರೆ ಕೇರಿಯ ಹತ್ತು ಮಕ್ಕಳ ಫೀಸು ಕಟ್ಟಿ ಆಗುತ್ತದೆ. ಮೀಸಲಾತಿ ಅಂದರೆ ಏನು ಅಂತ ಟೌನ್‌ಹಾಲಿನಲ್ಲಿ ಭಾಷಣ ಬಿಗಿಯುವವರಿಗೆ ಈ ಲೆಕ್ಕ ಗೊತ್ತಿಲ್ಲ.

ಈಗ ಏನಾಗಿದೆ? 14ನೇ ಬರ್ತನ್ನು 30 ವರ್ಷದ ಕರಾರಿನ ಮೇಲೆ ಜೆ.ಎಸ್.ಡಬ್ಲ್ಯು. ಕೈಗೆ ಕೊಟ್ಟರು. ಒಪ್ಪಂದ ಆದದ್ದು 2020ರಲ್ಲಿ. 2021ರಲ್ಲಿ ಹಳೆಯ 1963ರ ಬಂದರು ಕಾಯಿದೆಯನ್ನೇ ಎತ್ತಿ ಹಾಕಿ ಮಹಾ ಬಂದರು ಪ್ರಾಧಿಕಾರಗಳ ಕಾಯಿದೆ ತಂದರು. ಈ ಇಡೀ ಏರ್ಪಾಡಿಗೆ ಅವರೇ ಒಂದು ಹೆಸರು ಇಟ್ಟುಕೊಂಡಿದ್ದಾರೆ: ಲ್ಯಾಂಡ್‌ಲಾರ್ಡ್ ಪೋರ್ಟ್. ಓದುಗರೇ, ಈ ಹೆಸರನ್ನು ಎರಡು ಸಲ ಓದಿ. ನಾವು ಕಟ್ಟಿದ ಬೈಗುಳ ಅಲ್ಲ ಇದು. ಸರ್ಕಾರದ ಕಾಗದದಲ್ಲೇ ಇರುವ ಮಾತು. 1974ರಲ್ಲಿ ಧಣಿಗಳ ಕೈಯಿಂದ ಗದ್ದೆ ಬಿಡಿಸಿದ ಇದೇ ಕರಾವಳಿಯಲ್ಲಿ ಈಗ ಬಂದರೇ ಧಣಿ. ಒಕ್ಕಲು ಕಂಪನಿ. ಮೂವತ್ತು ವರ್ಷದ ಗೇಣಿ. ಇವರಿಬ್ಬರ ನಡುವೆ ಕರಾರು, ರಸೀತಿ, ಕೋರ್ಟು ಎಲ್ಲವೂ ಉಂಟು. ಆದರೆ ಗದ್ದೆಯಲ್ಲಿ ನಿಜವಾಗಿ ದುಡಿಯುವ ಮೂಲದ ಆಳಿಗೆ ಅಂದು ಚೀಟಿ ಇರಲಿಲ್ಲ, ಇಂದೂ ಇಲ್ಲ. ಅಂದು ಅವನನ್ನು ಹೊಲೆಯ ಅಂತ ಕರೆದರು. ಇಂದು ಗುತ್ತಿಗೆ ಕಾರ್ಮಿಕ ಅಂತ ಕರೆಯುತ್ತಾರೆ. ಹೆಸರು ಬದಲಾಯಿತು, ಲೆಕ್ಕದ ಪುಸ್ತಕ ಬದಲಾಗಲಿಲ್ಲ.

ಸಂವಿಧಾನದ 16(4)ನೇ ವಿಧಿ ಸರ್ಕಾರದ ಹುದ್ದೆಗಳಿಗೆ ತಾಗುತ್ತದೆ, ಕಂಪನಿಯ ಹುದ್ದೆಗೆ ತಾಗುವುದಿಲ್ಲ. ಸಮುದ್ರ ಅದೇ. ನೆಲ ಅದೇ, ನಮ್ಮವರನ್ನು ಎಬ್ಬಿಸಿ ತೆಗೆದುಕೊಂಡ ನೆಲ. ಬಂದರು ಕಟ್ಟಿದ್ದು ಜನರ ತೆರಿಗೆಯಲ್ಲಿ. ಆದರೆ ಬರ್ತಿನ ಸುತ್ತ ಒಂದು ಗೆರೆ ಎಳೆದು ಇದು ಕಂಪನಿಯದ್ದು ಅಂದ ಕೂಡಲೇ, ಆ ಗೆರೆಯ ಒಳಗೆ ಅಂಬೇಡ್ಕರ್ ಬರೆದ ಪುಸ್ತಕದ ಒಂದು ಪುಟ ಹರಿದು ಹೋಗುತ್ತದೆ. ಯಾರೂ ಮೀಸಲಾತಿ ರದ್ದು ಮಾಡಿದೆವು ಅಂತ ಹೇಳುವುದಿಲ್ಲ. ಹೇಳಿದರೆ ದಂಗೆ ಏಳುತ್ತದೆ ಅಂತ ಅವರಿಗೂ ಗೊತ್ತು. ಮೀಸಲಾತಿ ಇರುವ ಜಾಗವನ್ನೇ ಸಣ್ಣದು ಮಾಡುತ್ತಾ, ಇಲ್ಲದ ಜಾಗವನ್ನು ದೊಡ್ಡದು ಮಾಡುತ್ತಾ ಹೋಗುತ್ತಾರೆ. ಬಂದರಿನ ವಿಸ್ತರಣೆ ಅಂದರೆ ಇದು ಕಣ್ರೀ. ಬರ್ತ್ ವಿಸ್ತಾರವಾಗುತ್ತದೆ, ಸಂವಿಧಾನ ಕಿರಿದಾಗುತ್ತದೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1976ರಲ್ಲಿ ಇರಾನಿನ ದುಡ್ಡು ನಂಬಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿ ಕಟ್ಟಿದರು. ಬೆಟ್ಟವನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಬೆಟ್ಟ ಕಡಲಿಗೆ ಹೋದದ್ದು ಯಾವ ಹಳ್ಳಿಯ ಯಾವ ಕೈಯನ್ನೂ ಮುಟ್ಟದೆ. ಕೊಳವೆಯಾಗಲಿ, ಬೀಗ ಹಾಕಿದ ಪೆಟ್ಟಿಗೆಯಾಗಲಿ, ಸರಕು ನಮ್ಮ ಊರ ಮೇಲೆಯೇ ಹೋಗಬೇಕು, ನಮ್ಮ ಕೈಗೆ ಮಾತ್ರ ಸಿಗಬಾರದು. ನಮ್ಮ ನೆರಳು ಬಿದ್ದರೆ ಮೈಲಿಗೆ ಅಂದವರಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಯಾವುದು ಬೇಕು?

*

ಬಂದರಿನ ಜೊತೆಗೇ ರಸ್ತೆ. ರಸ್ತೆ ಇಲ್ಲದೆ ಪೆಟ್ಟಿಗೆ ಹಂದುವುದಿಲ್ಲ.

ರಸ್ತೆಯ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ಹೊಡೆತ ತಿಂದ ಜನ ನಾವು. 1924ರಲ್ಲಿ ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗಲು ಅಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯಲು. ಇದೇ ಮಂಗಳೂರಿನಲ್ಲಿ 1897ರಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಹೊಲೆಯರ ಮಕ್ಕಳಿಗೆ ಶಾಲೆ ತೆರೆದು, ತನ್ನ ಜಾತಿಯವರಿಂದ ಬಹಿಷ್ಕಾರ ಉಂಡರು. ಅವರ ಆಸೆ ಒಂದೇ ಇತ್ತು. ದಲಿತರ ಮಗು ಓದಿ ದೊಡ್ಡ ಕೆಲಸ ಹಿಡಿದು ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ಬೀಳಬೇಕು. ಅವರು ತೀರಿಕೊಂಡದ್ದು 1928ರಲ್ಲಿ. ಸುಮಾರು ನೂರು ವರ್ಷವಾಯಿತು. ಧೂಳೇನೋ ಬೇಕಾದಷ್ಟು ಎದ್ದಿದೆ ರಾಯರೇ. ಕಾರಿನಲ್ಲಿ ಯಾರಿದ್ದಾರೆ ಅನ್ನುವುದೇ ನಮ್ಮ ಪ್ರಶ್ನೆ.

ಬಂದರನ್ನು ಊರಿಗೆ ಜೋಡಿಸಲು ಹೆದ್ದಾರಿ ಪ್ರಾಧಿಕಾರವೂ ಬಂದರೂ ಸೇರಿ ನ್ಯೂ ಮಂಗಳೂರು ಪೋರ್ಟ್ ರೋಡ್ ಕಂಪನಿ ಅಂತ ಒಂದು ಕಂಪನಿ ಮಾಡಿದವು. ಬಿ.ಸಿ. ರೋಡಿನಿಂದ ಪಡೀಲ್, ನಂತೂರು ದಾಟಿ ಸುರತ್ಕಲ್‌ವರೆಗೆ ಸುಮಾರು 37 ಕಿಲೋಮೀಟರ್ ಚತುಷ್ಪಥ. ರಸ್ತೆ ಬೇಕಾದದ್ದು ಬಂದರಿನ ಲಾರಿಗಳಿಗೆ. ಸುಂಕ ಕಟ್ಟಿದ್ದು ಯಾರು? ಸುರತ್ಕಲ್ ಟೋಲ್‌ಗೇಟಿನಲ್ಲಿ ವರ್ಷಗಟ್ಟಲೆ ನಿಂತು ಕಟ್ಟಿದವರು ಮೀನಿನ ಟೆಂಪೋದವರು, ಬಾಡಿಗೆ ಕಾರಿನವರು, ಆಸ್ಪತ್ರೆಗೆ ರೋಗಿ ಕರೆದೊಯ್ಯುವವರು. ಹತ್ತಿಪ್ಪತ್ತು ಮೈಲಿಯೊಳಗೆ ಹೆಜಮಾಡಿಯಲ್ಲಿ ಇನ್ನೊಂದು ಗೇಟು. 2022ರ ಅಕ್ಟೋಬರ್ 18ರಂದು ಸಾವಿರಾರು ಜನ ಮುತ್ತಿಗೆ ಹಾಕಿದರು. ಆಮೇಲೆ ಹಗಲು ರಾತ್ರಿ ಧರಣಿ ಕೂತರು. ಡಿಸೆಂಬರ್ 1ರಂದು ಸುರತ್ಕಲ್ಲಿನ ವಸೂಲಿ ನಿಂತಿತು. ಅದೇ ಸುಂಕವನ್ನು ಹೆಜಮಾಡಿಗೆ ಸೇರಿಸುವ ಆದೇಶವೂ ಬೆನ್ನಿಗೇ ಬಂತು ಅನ್ನುವುದನ್ನು ಮರೆಯುವ ಹಾಗಿಲ್ಲ. ಆದರೂ ಈ ಹೋರಾಟ ಒಂದು ಪಾಠ ಕಲಿಸಿತು. ಜಾತಿ, ಧರ್ಮ, ಪಕ್ಷ ಬಿಟ್ಟು ಜನ ಒಂದೇ ಜಾಗದಲ್ಲಿ ಕೂತರೆ ಗೇಟು ಏಳುತ್ತದೆ.

ರಸ್ತೆಯ ದುಡ್ಡಿನ ಇನ್ನೊಂದು ಕತೆ ಉಂಟು. ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆಗೆ ಅಂತ ಕರ್ನಾಟಕ 2013ರಲ್ಲಿ ಕಾಯಿದೆ ಮಾಡಿತು. ಜನಸಂಖ್ಯೆಗೆ ತಕ್ಕ ಹಣ ನಮ್ಮ ಕೇರಿಗಳಿಗೆ ಬರಬೇಕು. ಅದೇ ಕಾಯಿದೆಯೊಳಗೆ 7(ಡಿ) ಅಂತ ಒಂದು ಕಿಂಡಿ ಇಟ್ಟರು. ಎಲ್ಲರಿಗೂ ಆಗುವ ದೊಡ್ಡ ಕಾಮಗಾರಿಗಳಲ್ಲೂ ನಮಗೊಂದು ಪಾಲು ಬಂತು ಅಂತ ಭಾವಿಸಿ ಲೆಕ್ಕ ಬರೆಯಲು ಆ ಕಿಂಡಿ ದಾರಿ ಮಾಡಿತು. ಭಾವಿಸಿ! ಎಂಥಾ ಮಾತು ನೋಡಿ. ಹೆದ್ದಾರಿ, ಸೇತುವೆಗಳ ಮೇಲೆ ನಾವೂ ನಡೆಯುತ್ತೇವಲ್ಲ, ಹಾಗಾದರೆ ನಮ್ಮ ಹಾಸ್ಟೆಲಿನ ದುಡ್ಡನ್ನು ಅಲ್ಲಿಗೂ ಹಾಕಬಹುದು ಅನ್ನುವ ತರ್ಕ. ಹೋರಾಡಿ ಹೋರಾಡಿ 2023ರಲ್ಲಿ ಆ ಕಲಮನ್ನು ತೆಗೆಸಬೇಕಾಯಿತು. ಹತ್ತು ವರ್ಷ ನಾವು ಹಾಸ್ಟೆಲಿನಲ್ಲಿ ನೀರುಸಾರು ಉಂಡೆವು. ಅಭಿವೃದ್ಧಿ ಆಯಿತು ಅಂತ ಭಾವಿಸಿಕೊಂಡೆವು.

ರಸ್ತೆ ಮೇಲಕ್ಕೆ ಹೋದಂತೆ ಘಟ್ಟ ಸಿಗುತ್ತದೆ. ಹಾಸನ, ಸಕಲೇಶಪುರದ ಕಡೆಯ ಲಾರಿಗಳು ಶಿರಾಡಿ ಇಳಿದೇ ಬಂದರಿಗೆ ಬರಬೇಕು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಆ ಬೀಜ ಕುಯ್ಯುವ ಹೆಂಗಸಿಗೆ ಅದು ಯಾವ ದೇಶಕ್ಕೆ ಹೋಗುತ್ತದೆ ಗೊತ್ತಿಲ್ಲ. ಅವಳಿದ್ದ ಲೈನುಮನೆ ತೋಟದ ಸಾಹುಕಾರನದ್ದು. ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು. ಇತ್ತ ಹಡಗಿನಲ್ಲಿ ಆಫ್ರಿಕಾದ ಹಸಿ ಗೋಡಂಬಿ ಕಂಟೇನರುಗಳಲ್ಲಿ ಬಂದು ಇಳಿಯುತ್ತದೆ. ಅದನ್ನು ಒಡೆಯುವವರೂ ಹೆಂಗಸರೇ. ಸಿಪ್ಪೆಯ ಎಣ್ಣೆ ತಾಗಿ ಅವರ ಬೆರಳ ತುದಿ ಸುಟ್ಟು ಕಪ್ಪಾಗಿರುತ್ತದೆ. ಪೆಟ್ಟಿಗೆ ತುಂಬುವ ಕಡೆಯೂ ಹೆಣ್ಣಿನ ಕೈ, ಪೆಟ್ಟಿಗೆ ಬಿಚ್ಚುವ ಕಡೆಯೂ ಹೆಣ್ಣಿನ ಕೈ. ನಡುವೆ ಇರುವ ಬಂದರಿನ ಲೆಕ್ಕದಲ್ಲಿ ಮಾತ್ರ ಅವಳ ಕೂಲಿ ಕಾಣುವುದಿಲ್ಲ. 2023-24ರಲ್ಲಿ ಈ ಬಂದರು ನಾಲ್ಕೂವರೆ ಕೋಟಿ ಟನ್ನಿಗೂ ಹೆಚ್ಚು ಸರಕು ಸಾಗಿಸಿತು ಅಂತ ಹೆಮ್ಮೆಯಿಂದ ಹೇಳುತ್ತಾರೆ. ಆ ಟನ್ನುಗಳ ಒಳಗೆ ಎಷ್ಟು ಬೆರಳು ಸುಟ್ಟಿವೆ ಅಂತ ತೂಗುವ ತಕ್ಕಡಿ ಪಣಂಬೂರಿನಲ್ಲಿ ಇಲ್ಲ.

ಇನ್ನು ಲಾರಿ ಓಡಿಸುವವನು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಅಗಲ ಮಾಡಲು ಕಾಲು ಕಡಿದ ಗುಡ್ಡ. ರಸ್ತೆ ಬದಿ ಚಾ ಅಂಗಡಿ ಇಟ್ಟುಕೊಂಡ ಸಂಸಾರ, ಲಾರಿ ನಿಲ್ಲಿಸಿದ ಚಾಲಕರು ಮಣ್ಣಿನೊಂದಿಗೆ ಗಂಗಾವಳಿಗೆ ಹೋದರು. ಕೇರಳದ ಒಬ್ಬ ಚಾಲಕನ ಲಾರಿ ನದಿಯಿಂದ ಮೇಲೆ ಬಂದದ್ದು ಎಪ್ಪತ್ತೊಂದು ದಿನದ ಮೇಲೆ. ನೂರಾರು ಮೈಲಿ ಲಾರಿ ಓಡಿಸುವವನಿಗೆ ಕಣ್ಣು ಮುಚ್ಚಲು ಭದ್ರವಾದ ಒಂದು ಜಾಗವನ್ನು ಈ ರಸ್ತೆ ಕೊಡಲಿಲ್ಲ. ಪೆಟ್ಟಿಗೆಗೆ ಯಾರ್ಡು ಉಂಟು, ಬೇಲಿ ಉಂಟು, ಕಾವಲು ಉಂಟು, ವಿಮೆ ಉಂಟು. ಪೆಟ್ಟಿಗೆ ಎಳೆಯುವ ಮನುಷ್ಯನಿಗೆ ಗುಡ್ಡದ ಬುಡ.

*

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಪಕ್ಕದ ಕೊಚ್ಚಿಯ ವಲ್ಲಾರ್‌ಪಾಡಂನಲ್ಲಿ ದೊಡ್ಡ ಕಂಟೇನರ್ ಟರ್ಮಿನಲ್ ಕಟ್ಟಿದರು. ಅದಕ್ಕೆ ರಸ್ತೆ, ರೈಲು ಹಾಕಲು 316 ಸಂಸಾರಗಳನ್ನು ಎಬ್ಬಿಸಿದರು. 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಯಲ್ಲಿ ಪೊಲೀಸರ ಕಾವಲಿನಲ್ಲಿ ಮನೆಗಳನ್ನು ಕೆಡವಿದರು. ಆಗ ಅಲ್ಲಿ ಆಳುತ್ತಿದ್ದದ್ದು ಕೆಂಬಾವುಟದ ಸರ್ಕಾರ. 2011ರಲ್ಲಿ ಟರ್ಮಿನಲ್ ಶುರುವಾಯಿತು. ಎಬ್ಬಿಸಿದವರಲ್ಲಿ ಬಹಳ ಜನ ಅದಾಗಿ ವರ್ಷಗಟ್ಟಲೆ ಮನೆ ಕಟ್ಟಲಾಗದ ಜೌಗು ನಿವೇಶನ ಹಿಡಿದು ಕಚೇರಿ ಅಲೆದರು. ಬಾವುಟದ ಬಣ್ಣ ಯಾವುದಾದರೂ ಬುಲ್ಡೋಜರಿನ ಬಣ್ಣ ಹಳದಿಯೇ. ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿಗೆ ಮೀನುಗಾರರ ಕೇರಿಯ ನಡುವೆಯೇ ರಸ್ತೆ ಹಾಕಲು ಹೊರಟಾಗ, ಹೆಂಗಸರು ಮರಳಿನ ಮೇಲೆ ನಿಂತು ಪೊಲೀಸರನ್ನು ಎದುರಿಸಿದರು. ಅವರು ನಿಂತದ್ದು ಪುಸ್ತಕ ಓದಿ ಅಲ್ಲ.

ಇಲ್ಲಿ ನಮ್ಮ ಗೆಳೆಯರ ಜೊತೆಗೂ ಒಂದು ಜಗಳ ಉಂಟು. ಬಂದರು ವಿರೋಧಿಸುವ ಸಭೆಗಳಲ್ಲಿ ಕೆಲವರು ಕಡಲತಾಯಿ, ಹಸಿರು ಸಹ್ಯಾದ್ರಿ, ಹಿಂದಿನ ನೆಮ್ಮದಿಯ ಹಳ್ಳಿ ಅಂತ ಕಣ್ಣು ತುಂಬಿಕೊಳ್ಳುತ್ತಾರೆ. ಅವರ ಕಾಳಜಿ ಸುಳ್ಳಲ್ಲ. ಜೋಕಟ್ಟೆಯ ಜನ ಕೋಕ್ ಮತ್ತು ಗಂಧಕದ ಧೂಳಿನ ವಿರುದ್ಧ ಬೀದಿಗಿಳಿದಾಗ ನಾವೂ ಅವರ ಕಡೆಯೇ. ಆದರೆ ಆ ನೆಮ್ಮದಿಯ ಹಳ್ಳಿ ಯಾರಿಗೆ ನೆಮ್ಮದಿ? ಬಾವಿ ಮುಟ್ಟುವಂತಿರಲಿಲ್ಲ, ಚಾವಡಿ ಹತ್ತುವಂತಿರಲಿಲ್ಲ. ಆ ಹಳ್ಳಿಯನ್ನು ವಾಪಸು ಕೊಡಿ ಅಂತ ನಾವು ಕೇಳುವುದಿಲ್ಲ. ಬುಲ್ಡೋಜರು ಗುತ್ತಿನ ಮನೆಯನ್ನೂ ಗುಡಿಸಲನ್ನೂ ಕೆಡವಿದಾಗ ಗುತ್ತಿನವರಿಗೆ ಪರಿಹಾರ, ನಮಗೆ ಅನುಕಂಪ. ನಮಗೆ ಅನುಕಂಪ ಬೇಡ. ಕ್ರೇನು ಬರಲಿ, ಅದರ ಕುರ್ಚಿಯಲ್ಲಿ ನಮ್ಮ ಹುಡುಗಿ ಕೂರಲಿ.

ಇನ್ನೊಂದು ಮಾತು ಹೇಳಲು ಬಾಯಿ ಕಹಿಯಾಗುತ್ತದೆ. ಬಂದರಿಗೆ ನೆಲ ಬಿಟ್ಟು ಬಂದವರ ಕಾಟಿಪಳ್ಳದಲ್ಲಿ 2018ರಲ್ಲಿ ಒಂದು ಕೊಲೆ, 2022ರಲ್ಲಿ ಇನ್ನೊಂದು ಕೊಲೆ. ಒಬ್ಬ ಹಿಂದೂ, ಒಬ್ಬ ಮುಸಲ್ಮಾನ. ಇಬ್ಬರೂ ದುಡಿದು ತಿನ್ನುವವರು. ಒಂದೇ ಬಂದರು ಎಬ್ಬಿಸಿದ ಊರಿನ ಜನ ಬ್ಲಾಕು ಬ್ಲಾಕಾಗಿ ಒಬ್ಬರನ್ನೊಬ್ಬರು ಹೆದರಿ ನೋಡುವಂತಾಯಿತು. ಮೆರವಣಿಗೆಗೆ ನಮ್ಮ ಕೇರಿಯ ಹುಡುಗರು ಬೇಕು, ಜೈಲಿಗೂ ಅವರೇ ಬೇಕು. ಬರ್ತಿನ ಕರಾರಿಗೆ ಸಹಿ ಹಾಕುವಾಗ ಮಾತ್ರ ಯಾವ ಧರ್ಮದ ಬಡವನೂ ಬೇಡ. ಕೇರಿಯ ತಮ್ಮಂದಿರೇ, ನಿಮ್ಮ ಕೈಗೆ ಬಾವುಟ ಕೊಡುವ ಅಣ್ಣನನ್ನು ಒಂದೇ ಒಂದು ಪ್ರಶ್ನೆ ಕೇಳಿ: ಬಂದರಿನಲ್ಲಿ ನನಗೆ ಕೆಲಸ ಕೊಡಿಸ್ತೀಯಾ?

*

ನಮ್ಮ ಬೇಡಿಕೆಗಳು ಸ್ಪಷ್ಟ.

ಒಂದು. ಸರ್ಕಾರದ ನೆಲ, ಸರ್ಕಾರದ ಕಡಲು ಹಿಡಿದ ಯಾವ ಕಂಪನಿಯಾದರೂ ತನ್ನ ನೇಮಕಾತಿಯಲ್ಲಿ ಮೀಸಲಾತಿ ಪಾಲಿಸಲೇಬೇಕು. ಗುತ್ತಿಗೆಯ ಕೆಲಸಕ್ಕೂ ಇದು ತಾಗಬೇಕು. ಈ ಷರತ್ತು ಇಲ್ಲದ ಕರಾರಿಗೆ ಸಹಿ ಬೀಳಕೂಡದು.

ಎರಡು. ಬಂದರಿಗಾಗಲಿ ರಸ್ತೆಗಾಗಲಿ ಜಮೀನು ಹಿಡಿಯುವ ಮೊದಲು ಚೀಟಿ ಇಲ್ಲದವರನ್ನು ಎಣಿಸಬೇಕು. ಕೂಲಿ, ಬುಟ್ಟಿ ಹೆಣೆಯುವವ, ಒಣಮೀನು ಮಾರುವವಳು, ದಾರಿ ಬದಿಯ ಚಾ ಅಂಗಡಿ, ಎಲ್ಲರೂ ಲೆಕ್ಕಕ್ಕೆ ಬರಬೇಕು. ನೆಲಕ್ಕೆ ಬದಲು ನೆಲ ಸಿಗಬೇಕು.

ಮೂರು. ಕ್ರೇನು, ಯಾರ್ಡು, ಕಂಪ್ಯೂಟರಿನ ಕೆಲಸ ಕಲಿಸುವ ತರಬೇತಿ ಬಂದರಿನ ಖರ್ಚಿನಲ್ಲೇ ನಡೆಯಬೇಕು. ಎಬ್ಬಿಸಲ್ಪಟ್ಟ ಊರುಗಳ ಮಕ್ಕಳಿಗೆ, ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಮೊದಲ ಸೀಟು.

ನಾಲ್ಕು. ಹೆದ್ದಾರಿ ಇರುವಲ್ಲೆಲ್ಲ ಕೇರಿಯ ಮಕ್ಕಳು ಶಾಲೆಗೆ ದಾಟುವ ದಾರಿ, ಕಾಲುದಾರಿ, ಚಾಲಕರಿಗೆ ಮಲಗಲು ನೀರಿರುವ ತಂಗುದಾಣ ಆಗಬೇಕು. ಮೊದಲು ಇವು ಆಗಲಿ, ಆಮೇಲೆ ಸುಂಕದ ಗೇಟು.

ಈ ನಾಲ್ಕರಲ್ಲಿ ಒಂದೂ ಬಂದರು ಮುಚ್ಚಿ ಅನ್ನುವುದಿಲ್ಲ, ಗಮನಿಸಿ. ಬಂದರಿನಲ್ಲಿ ನಮ್ಮ ಪಾಲು ಎಷ್ಟು ಅಂತ ಕೇಳುತ್ತವೆ. ಭಿಕ್ಷೆ ಕೇಳಿದವರಿಗೆ ಅವರು ಕೊಟ್ಟಾರು. ಪಾಲು ಕೇಳಿದವರನ್ನು ಕಂಡರೆ ಅವರಿಗೆ ಸಿಟ್ಟು. ಸಿಟ್ಟು ಬರಲಿ.

ಹಳ್ಳಿಶಾಲೆಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ನಿಮಗೊಂದು ಕೆಲಸ. ಕರಾರುಗಳ ಕಾಗದ ಕಂಡರೆ ಹೆದರಬೇಡಿ. 2005ರ ಮಾಹಿತಿ ಹಕ್ಕಿನ ಕಾಯಿದೆ ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿಯ ಅರ್ಜಿ ಹಾಕಿ. ಬಂದರಿನಲ್ಲಿ ಕಾಯಂ ನೌಕರರು ಎಷ್ಟು, ಗುತ್ತಿಗೆಯವರು ಎಷ್ಟು, ಅವರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು, ಹತ್ತು ವರ್ಷದ ಹಿಂದೆ ಎಷ್ಟಿದ್ದರು ಅಂತ ಕೇಳಿ. ನಿಮ್ಮ ಊರಿನ ರಸ್ತೆಗೆ ಹಿಡಿದ ಜಮೀನಿನಲ್ಲಿ ಪರಿಹಾರ ಸಿಕ್ಕವರ ಪಟ್ಟಿ ಕೇಳಿ. ಆ ಪಟ್ಟಿ ಹಿಡಿದು ಕೇರಿಗೆ ಹೋಗಿ. ಪಟ್ಟಿಯಲ್ಲಿ ಇಲ್ಲದವರ ಹೆಸರು ನೋಟುಬುಕ್ಕಿನಲ್ಲಿ ಬರೆಯಿರಿ. ವಯಸ್ಸು, ಕಸುಬು, ಎಷ್ಟು ವರ್ಷದಿಂದ ಅಲ್ಲಿದ್ದರು, ಎಲ್ಲವೂ ಇರಲಿ. ಅಕ್ಷರ ಬಾರದ ನಮ್ಮ ಅವ್ವಂದಿರಿಗೆ ಎಲ್ಲವೂ ನೆನಪಿರುತ್ತದೆ. ನಮಗೆ ಬರೆಯಲು ಬರುತ್ತದೆ. ಎರಡೂ ಕೂಡಿದರೆ ಅದೇ ನಮ್ಮ ಆರ್‌ಟಿಸಿ.

ಬರೆದದ್ದನ್ನು ಪತ್ರಿಕೆಗೆ ಕಳಿಸಿ. ಒಂದೂ ಹೆಸರು ಬಿಡದೆ ಅಚ್ಚು ಹಾಕೋಣ.